ಮೊದಲು ಸೀಲು, ಆಮೇಲೆ ಸ್ಟೈಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯ ಯಮಹಾ ಬೈಕುಗಳದ್ದೇ. ಕಲಬುರಗಿ, ಬೀದರ್, ಯಾದಗಿರಿ, ಮೂರೂ ಜಿಲ್ಲೆಗಳಿಂದ ಬರೆದಿದ್ದೀರಿ. ಹಾಗಾಗಿ ಉಳಿದ ಗಾಡಿಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಎರಡೇ ಗಾಡಿ: ರಾಜದೂತ್ 350 ಮತ್ತು ಆರ್‌ಎಕ್ಸ್ 100. ಹೊಸ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ರಾಜದೂತ್ 350 ಅಂದರೆ ಜಪಾನಿನ ಯಮಹಾ ಆರ್‌ಡಿ 350. ಎಸ್ಕಾರ್ಟ್ಸ್ ಕಂಪನಿ ಅದನ್ನು 1983ರಿಂದ ಇಲ್ಲೇ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ಮೊದಲು ಬಂದ ಹೈ ಟಾರ್ಕ್ ಗಾಡಿಗೆ 30.5 ಎಚ್‌ಪಿ, ಆಮೇಲೆ ಬಂದ ಲೋ ಟಾರ್ಕ್‌ಗೆ 27. ಆರ್‌ಎಕ್ಸ್ 100 ಬಂದದ್ದು 1985ರ ಕೊನೆಗೆ, ನಿಂತದ್ದು 1996ರಲ್ಲಿ. 98 ಸಿಸಿ, 11 ಎಚ್‌ಪಿ. ಎರಡೂ ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಎಂಜಿನ್, ಎರಡಕ್ಕೂ ಬರುವ ರೋಗಗಳು ಹೆಚ್ಚುಕಡಿಮೆ ಒಂದೇ.

ನಮ್ಮ ಕಾಕಾ ಅವರ ರಾಜದೂತ್ 350 ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ನಿಂತಿದೆ. ಕಿಕ್ ಅಲ್ಲಾಡುವುದೇ ಇಲ್ಲ. ಅದನ್ನು ಮನೆಯಲ್ಲೇ ಬಿಚ್ಚಿ ಹಳೆಯ ರೇಸ್ ಗಾಡಿಯಂತೆ ಕಾಣುವ ಕೆಫೆ ರೇಸರ್ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
— ಓದುಗ, ಬ್ರಹ್ಮಪುರ, ಕಲಬುರಗಿ

ಮೊದಲು ಆ ಕಿಕ್ ಮೇಲೆ ಹತ್ತಿ ನಿಲ್ಲುವುದನ್ನು ಬಿಡಿ ತಮ್ಮಾ. ನಿಂತ ಗಾಡಿಯಲ್ಲಿ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಜೋರು ಮಾಡಿದರೆ ರಿಂಗು ಮುರಿಯುತ್ತದೆ, ಇಲ್ಲಾ ಕಿಕ್ಕಿನ ಗೇರು ಹಲ್ಲು ಕಳೆದುಕೊಳ್ಳುತ್ತದೆ. ಎರಡೂ ಪ್ಲಗ್ ತೆಗೆಯಿರಿ. ಡೀಸೆಲ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಸಮ ಸಮ ಬೆರೆಸಿ ಪ್ಲಗ್ ತೂತಿನಿಂದ ಒಳಗೆ ಹಾಕಿ. ಒಂದು ವಾರ ಮರೆತುಬಿಡಿ, ಮಧ್ಯೆ ಮಧ್ಯೆ ಇನ್ನಷ್ಟು ಹಾಕಿ. ಆಮೇಲೆ ಗಾಡಿಯನ್ನು ಕೊನೆಯ ಗೇರಿಗೆ ಹಾಕಿ ಹಿಂದಿನ ಚಕ್ರ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಮಾಡಿ. ಬಹಳ ಸಲ ಅಷ್ಟಕ್ಕೇ ಬಿಡುತ್ತದೆ. ಬಿಡಲಿಲ್ಲ ಅಂದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಕಟ್ಟಿಗೆ ತುಂಡು ಇಟ್ಟು ಸಣ್ಣಗೆ ತಟ್ಟಬೇಕು.

ಎಂಜಿನ್ ತಿರುಗಿತು ಅಂತ ಅವತ್ತೇ ಸ್ಟಾರ್ಟ್ ಮಾಡಲು ಹೋಗಬೇಡಿ. ಇಷ್ಟು ವರ್ಷ ನಿಂತ ಟೂ ಸ್ಟ್ರೋಕಿನಲ್ಲಿ ನೀರಿನ ಪಸೆ ಇಳಿದು ಕೂರುವುದು ಕ್ರ್ಯಾಂಕ್ ಕೇಸಿನ ತಳದಲ್ಲಿ, ಅಂದರೆ ಬೇರಿಂಗುಗಳ ಬಳಿ. ಮೇಲಿಂದ ನೋಡಿದರೆ ಎಲ್ಲ ಚೆಂದ, ಕೆಳಗೆ ಬೇರಿಂಗಿನಲ್ಲಿ ತುಕ್ಕಿನ ಗುಳಿ. ಹಾಗಾಗಿ ಈ ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ ಆಗುವ ಕೆಲಸ. ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಓಟವನ್ನು ತಿರುಗಾಟ ಮಾಡುವ ದಂಡ, ಅದರ ಕೆಲಸ ಮಾತ್ರ ಮನೆಯಲ್ಲಿ ಆಗುವುದಿಲ್ಲ. 350ರ ಕ್ರ್ಯಾಂಕ್ ಬಿಡಿ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಮತ್ತೆ ಕೂಡಿಸಿದ ಮೇಲೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಹತೋಡಿಯಿಂದ ಮಾಡಿಕೊಡುತ್ತೇನೆ ಅನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ಸೊಲ್ಲಾಪುರವೋ ಹೈದರಾಬಾದೋ, 350ರ ಕ್ರ್ಯಾಂಕ್ ಮಾಡಿದ ಅನುಭವ ಇರುವವರನ್ನು ವಿಚಾರಿಸಿ ಕೊಡಿ. ಬಸ್ ಚಾರ್ಜು ದಂಡ ಅನಿಸಿದರೂ ಪರವಾಗಿಲ್ಲ.

ಇನ್ನು ದುಡ್ಡಿನ ವಿಷಯ. ಬಹಳ ಜನ ಪೇಂಟು, ಸೀಟು, ಹ್ಯಾಂಡಲ್ಲಿಗೆ ಮೊದಲು ಖರ್ಚು ಮಾಡಿ, ಎಂಜಿನ್ ಹತ್ತಿರ ಬರುವಷ್ಟರಲ್ಲಿ ಕೈ ಖಾಲಿ ಮಾಡಿಕೊಳ್ಳುತ್ತಾರೆ. ಹೊಳೆಯುವ ಟ್ಯಾಂಕಿನ ಗಾಡಿಗಳು ಅರ್ಧಕ್ಕೇ ನಿಂತು ಮಾರಾಟಕ್ಕೆ ಬರುವುದು ಹೀಗೆ. ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಕ್ರ್ಯಾಂಕು, ಸೀಲು, ಬೋರು, ಪಿಸ್ಟನ್ನಿಗೆ. ಆಮೇಲೆ ಬ್ರೇಕು, ಟೈರು. ಆಮೇಲೆ ವೈರಿಂಗು. ಇಷ್ಟಾದ ಮೇಲೂ ಜೇಬಿನಲ್ಲಿ ಉಳಿದಿದ್ದರೆ ಚೆಂದ ಮಾಡೋಣ.

ಕೆಫೆ ರೇಸರ್ ಬೇಡ ಅನ್ನುವುದಿಲ್ಲ, ಕಾನೂನಿನ ಮಾತು ಮಾತ್ರ ಕೆಳಗೆ ಓದಿಕೊಳ್ಳಿ. ಫ್ರೇಮ್ ಮಾತ್ರ ಕಡಿಯಬೇಡಿ. ಸೀಟಿನ ಹಿಂದಿನ ಬಾಗಿದ ಪೈಪನ್ನು (ಲೂಪ್) ಗ್ರೈಂಡರಿನಿಂದ ಕಡಿದರೆ ಎರಡು ನಿಮಿಷದ ಕೆಲಸ, ಮತ್ತೆ ಮೊದಲಿನಂತೆ ಮಾಡಿಸಲು ಆಗುವುದಿಲ್ಲ. ತಗ್ಗಿನ ಹ್ಯಾಂಡಲ್, ಮೊದಲಿನ ಬೋಲ್ಟಿಗೇ ಕೂರುವ ಒಂಟಿ ಸೀಟು, ಇಷ್ಟರಲ್ಲೇ ಮುಕ್ಕಾಲು ರೂಪ ಬರುತ್ತದೆ. ಬೇಸರ ಬಂದರೆ ಬಿಚ್ಚಿ ಹಳೆಯದು ಹಾಕಬಹುದು. ಬಿಚ್ಚಿದ ಹಳೆಯ ಸಾಮಾನು ಒಂದನ್ನೂ ಗುಜರಿಗೆ ಹಾಕಬೇಡಿ. ಈಗ ಸಿಗುವ ಎಷ್ಟೋ ಡೂಪ್ಲಿಕೇಟ್ ಪಾರ್ಟುಗಳಿಗಿಂತ ಸ್ವಲ್ಪ ಸವೆದ ಅಸಲಿ ಪಾರ್ಟಿನ ಅಳತೆಯೇ ಸರಿ ಇರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಮೇಲೆ ಹೆಸರು ಬರೆಯಿರಿ. ಆರು ತಿಂಗಳ ನಂತರ ಯಾವ ಸ್ಕ್ರೂ ಎಲ್ಲಿಯದು ಅಂತ ಯಾರಿಗೂ ನೆನಪಿರುವುದಿಲ್ಲ.

ನನ್ನ ಆರ್‌ಎಕ್ಸ್ 100 ಬಿಳಿ ಹೊಗೆ ಬಿಡುತ್ತದೆ. ಗೇರ್ ಆಯಿಲ್ ಕಡಿಮೆ ಆಗುತ್ತಲೇ ಇರುತ್ತದೆ, ಎಲ್ಲೂ ಸೋರಿದ ಗುರುತಿಲ್ಲ. ರಿಂಗ್ ಹೋಗಿದೆ ಅಂತ ಹೇಳಿ ಬೋರ್ ಮಾಡಿಸಿದರು. ಖರ್ಚಾಯಿತು, ಹೊಗೆ ಮಾತ್ರ ಹಾಗೇ ಇದೆ.
— ಕಾಲೇಜು ಉಪನ್ಯಾಸಕ, ಬೀದರ್

ನಿಮ್ಮ ಪತ್ರದಲ್ಲೇ ಉತ್ತರ ಇದೆ ಸರ್. ಗೇರ್ ಆಯಿಲ್ ಕೆಳಗೆ ಸೋರುತ್ತಿಲ್ಲ, ಆದರೂ ಕಡಿಮೆ ಆಗುತ್ತಿದೆ. ಅಂದರೆ ಎಂಜಿನ್ನೇ ಅದನ್ನು ಕುಡಿಯುತ್ತಿದೆ. ಬಲಗಡೆ, ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ.

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸ್ ಸುಮ್ನೆ ಡಬ್ಬಿ ಅಲ್ಲ, ಅದೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬರೇಟರಿನಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಎಳೆಯುತ್ತದೆ, ಕೆಳಗೆ ಬಂದಾಗ ಸಿಲಿಂಡರಿಗೆ ತಳ್ಳುತ್ತದೆ. ಈ ಪಂಪಿನ ಎರಡು ತುದಿಗೂ ರಬ್ಬರ್ ಸೀಲ್ ಇದೆ. ಬಲಗಡೆಯದು ಬಿರುಕು ಬಿಟ್ಟರೆ ಎಳೆಯುವಾಗ ಗೇರ್ ಆಯಿಲೂ ಒಳಗೆ ಬರುತ್ತದೆ, ಸುಟ್ಟು ಬಿಳಿ ಹೊಗೆ ಆಗುತ್ತದೆ. ಎಡಗಡೆ, ಮ್ಯಾಗ್ನೆಟ್ ಬದಿಯದು ಹೋದರೆ ಆಯಿಲ್ ಬದಲು ಬರೀ ಗಾಳಿ ಬರುತ್ತದೆ. ಇದು ಹೊಗೆಗಿಂತ ಅಪಾಯ. ಗಾಳಿ ಹೆಚ್ಚಾಗಿ ಮಿಶ್ರಣ ತೆಳು ಆಗುತ್ತದೆ. ರೇಸ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಅಷ್ಟಕ್ಕೇ ಎಚ್ಚರ ಆಗದಿದ್ದರೆ ಒಂದು ದಿನ ಹುಮನಾಬಾದ್ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಟ್ಟಿ ಹಾಕಿದಂತೆ ನಿಲ್ಲುತ್ತದೆ. ಎಂಜಿನ್ ಹಿಡಿಯುವ ಸಪ್ಪಳ ಕೇಳಿದ ಕ್ಷಣ ಕ್ಲಚ್ ಹಿಡಿಯಬೇಕು, ಬೇರೆ ಏನೂ ಯೋಚಿಸಬಾರದು.

ಸೀಲ್ ಹೋಗಿದೆಯೋ ಇಲ್ಲವೋ ಅಂತ ಊಹೆ ಮಾಡುವ ಬದಲು ಮನೆಯಲ್ಲೇ ಅಳೆಯಬಹುದು. ಹಳೆಯ ಬಿಪಿ ಮಷಿನ್ ಬೇಕು, ಮುಳ್ಳಿನ ಗೇಜ್ ಮತ್ತು ಒತ್ತುವ ರಬ್ಬರ್ ಬಲ್ಬ್ ಇರುವಂಥದ್ದು. ಸೈಲೆನ್ಸರ್ ತೆಗೆದು ಸಿಲಿಂಡರಿನ ಆ ತೂತಿಗೆ ಟ್ಯೂಬಿನ ರಬ್ಬರ್ ಇಟ್ಟು ಪಟ್ಟಿಯಿಂದ ಬಿಗಿ ಮಾಡಿ. ಕಾರ್ಬರೇಟರ್ ತೆಗೆದ ಕಡೆ ಒಂದು ರಬ್ಬರ್ ಬಿರಡೆ ಹಾಕಿ, ಅದರಲ್ಲಿ ಸಣ್ಣ ಪೈಪು ತೂರಿಸಿ ಬಲ್ಬಿಗೂ ಗೇಜಿಗೂ ಜೋಡಿಸಿ. ಪೆಟ್ರೋಲಿನ ಜೊತೆ ಸುಡುವ ಟೂ-ಟಿ ಆಯಿಲ್ ಬರುವ ಸಣ್ಣ ಪೈಪಿನ ಬಾಯಿಯನ್ನೂ ಮುಚ್ಚಿ. ಪ್ಲಗ್ ಬಿಗಿಯಾಗಿರಲಿ. ಈಗ ಗೇಜಿನಲ್ಲಿ 260ರವರೆಗೆ ಗಾಳಿ ಒತ್ತಿ. ಅದು ಸುಮಾರು 5 ಪಿಎಸ್‌ಐ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ತಂದು ಇಡಬೇಡಿ, ಒಳ್ಳೆಯ ಸೀಲೂ ಹಾರಿಹೋಗುತ್ತದೆ. ಮುಳ್ಳು ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಇಳಿದರೆ ಎಲ್ಲೋ ಬಾಯಿ ಬಿಟ್ಟಿದೆ. ಸೋಪಿನ ನೀರು ಹಚ್ಚುತ್ತಾ ಹೋಗಿ: ಮೊದಲು ನೀವೇ ಮುಚ್ಚಿದ ಜಾಗಗಳು, ಆಮೇಲೆ ಹೆಡ್, ಸಿಲಿಂಡರ್ ಗ್ಯಾಸ್ಕೆಟ್, ಕಾರ್ಬರೇಟರ್ ಹಿಂದಿನ ರೀಡ್ ವಾಲ್ವ್ ಕೂರುವ ಜಾಗ, ಮ್ಯಾಗ್ನೆಟ್ ಹಿಂದಿನ ಸೀಲ್. ಹೊರಗೆ ಎಲ್ಲೂ ಗುಳ್ಳೆ ಇಲ್ಲ, ಆದರೂ ಮುಳ್ಳು ಇಳಿಯುತ್ತಿದೆ ಅಂದರೆ ಗಾಳಿ ಗೇರ್ ಬಾಕ್ಸಿಗೆ ಹೋಗುತ್ತಿದೆ. ನಿಮ್ಮ ಗಾಡಿಯಲ್ಲಿ ಆಗುವುದು ಇದೇ ಅಂತ ನನ್ನ ಅಂದಾಜು.

350 ಇರುವವರೂ ಇದನ್ನು ಮಾಡಬಹುದು. ಆದರೆ ಎರಡೂ ಸಿಲಿಂಡರಿನ ಬಾಯಿಗಳನ್ನು ಒಟ್ಟಿಗೆ ಮುಚ್ಚಬೇಕು. ನಡುವೆ ಇರುವ ಸೀಲ್ ರಬ್ಬರಿನದ್ದಲ್ಲ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಗಾಳಿ ಬಿಟ್ಟೇ ಬಿಡುತ್ತದೆ.

ಬೋರ್ ಮಾಡಿಸುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಬೋರ್ ಅಂಗಡಿಗೆ ಹೋಗಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಬೋರ್ ಆಗಬೇಕು. ಆರ್‌ಎಕ್ಸ್ ಬೋರ್ 50 ಮಿಲಿಮೀಟರ್, 350ರದ್ದು 64. ಓವರ್‌ಸೈಜ್ ಪಿಸ್ಟನ್ 0.25 ಮಿಲಿಮೀಟರಿನಂತೆ ಏರುತ್ತಾ ಹೋಗುತ್ತದೆ. ನೇರ 1.00ಕ್ಕೆ ಹಾರಿಸಿದರೆ ಮುಂದೆ ಬೋರ್ ಮಾಡಲು ಜಾಗವೇ ಉಳಿಯುವುದಿಲ್ಲ. ಇನ್ನೊಂದು, ಬೋರ್ ಆದ ಮೇಲೆ ಪೋರ್ಟುಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಅಂಚು ಬ್ಲೇಡಿನಂತೆ ಆಗಿರುತ್ತದೆ. ಆ ಅಂಚನ್ನು ಉಜ್ಜಿ ಮೊಂಡು ಮಾಡಿಸಲೇಬೇಕು. ಹಾಗೇ ಬಿಟ್ಟರೆ ಹೊಸ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಫೋರ್ ಸ್ಟ್ರೋಕ್ ಮಾತ್ರ ಮಾಡುವ ಅಂಗಡಿಗಳಲ್ಲಿ ಇದನ್ನು ಮರೆಯುತ್ತಾರೆ, ನೀವೇ ನೆನಪು ಮಾಡಬೇಕು.

ಟ್ಯಾಂಕ್ ಒಳಗೆಲ್ಲಾ ತುಕ್ಕು. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರೆ ಹೋಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಹಾಕಲೇ?
— ಓದುಗ, ಶಹಾಪುರ

ಹೋಗುತ್ತದೆ, ಜೊತೆಗೆ ಟ್ಯಾಂಕೂ ಹೋಗುತ್ತದೆ. ಆ ಆಸಿಡ್ ತುಕ್ಕಿನ ಹಿಂದಿರುವ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ತೊಳೆದ ಅರ್ಧ ಗಂಟೆಗೆ ಹೊಸ ತುಕ್ಕು ಬರುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಸಾಕು. ಹತ್ತು ಲೀಟರ್ ಬಿಸಿ ನೀರಿಗೆ ಒಂದು ಕಿಲೋ ಹಿಡಿಯಿರಿ. ಪೆಟ್ರೋಲ್ ನಲ್ಲಿ ತೆಗೆದು ಆ ತೂತು ಮುಚ್ಚಿ, ಒಳಗೆ ಒಂದು ತುಂಡು ಹಳೆಯ ಚೈನ್ ಹಾಕಿ ಚೆನ್ನಾಗಿ ಕುಲುಕಿ. ಎಣಿಸಿ ಹಾಕಿ ಎಣಿಸಿಯೇ ತೆಗೆಯುವ ನಟ್ಟುಗಳಿಗಿಂತ ಚೈನ್ ಒಳ್ಳೆಯದು, ಎಳೆದರೆ ಪೂರ್ತಿ ಬರುತ್ತದೆ. ಆಮೇಲೆ ನಿಂಬೆ ಉಪ್ಪಿನ ನೀರು ತುಂಬಿ ಒಂದು ದಿನ ಇಡಿ. ಹೊರಗಿನ ಪೇಂಟಿನ ಮೇಲೆ ಚೆಲ್ಲಬೇಡಿ. ಮರುದಿನ ಆ ನೀರನ್ನು ಹೊರಗೆ ಸುರಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಳಗೆಲ್ಲಾ ತೊಳೆಯಿರಿ. ಮುಂದಿನ ಕೆಲಸಕ್ಕೆ ನಮ್ಮ ಊರುಗಳ ಬಿಸಿಲಿಗಿಂತ ಒಳ್ಳೆಯ ಮಷಿನ್ ಇಲ್ಲ. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಬಾಯಿ ತೆರೆದು ಇಟ್ಟರೆ ಒಂದು ಗಂಟೆಯಲ್ಲಿ ಒಣಗಿ ಖಡಕ್ ಆಗುತ್ತದೆ. ತಕ್ಷಣ ಸ್ವಲ್ಪ ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸಿ ಒಳಗೆಲ್ಲಾ ಆಡಿಸಿ. ನಲ್ಲಿಯ ಜಾಲರಿ ಹೊಸದು ಹಾಕಿ.

ಸ್ಕ್ರೂ ತಲೆಗಳೆಲ್ಲಾ ಸವೆದು ಹೋಗುತ್ತಿವೆ. ಒಳ್ಳೆಯ ಸ್ಕ್ರೂಡ್ರೈವರೇ ತಂದಿದ್ದೇನೆ.
— ಓದುಗ, ಸುರಪುರ

ಒಳ್ಳೆಯದೇ ಇರಬಹುದು, ಆದರೆ ಬೇರೆ ಜಾತಿಯದು. ಜಪಾನ್ ಗಾಡಿಗಳ ಪ್ಲಸ್ ಸ್ಕ್ರೂ ಜೆಐಎಸ್, ಅಂದರೆ ಜಪಾನಿನದೇ ಅಳತೆಯದು. ಅಂಗಡಿಯ ಮಾಮೂಲಿ ಫಿಲಿಪ್ಸ್ ಅದರಲ್ಲಿ ಪೂರ್ತಿ ಇಳಿಯುವುದಿಲ್ಲ, ತಿರುಗಿಸಿದರೆ ಮೇಲೆ ಜಾರಿ ತಲೆ ಕೆತ್ತುತ್ತದೆ. ಜೆಐಎಸ್ ಬಿಟ್ ತರಿಸಿಕೊಳ್ಳಿ, ಜೊತೆಗೆ ಹತೋಡಿಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಬಿಗಿ ಇದ್ದರೆ ಕವರ್ ಮೇಲೆ ಕುದಿಯುವ ನೀರು ಹಾಕಿ ಆಮೇಲೆ ಹೊಡೆಯಿರಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲ ಆಗುತ್ತದೆ.

ಆರ್‌ಎಕ್ಸ್ 100ಕ್ಕೆ ಏರ್ ಫಿಲ್ಟರ್ ಡಬ್ಬಿ ತೆಗೆದು ನೇರ ಕಾರ್ಬರೇಟರಿಗೆ ಕೂರುವ ಪಾಡ್ ಫಿಲ್ಟರ್ ಹಾಕಿದೆ. ಸೈಲೆನ್ಸರ್ ಒಳಗಿನ ಜಾಲಿ ತೆಗೆಸಿದೆ. ಸಪ್ಪಳ ಭಾರಿ ಬಂತು, ಪಿಕಪ್ ಹೋಯಿತು. ಈಗ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕಿಸಲೇ?
— ಓದುಗ, ಸೇಡಂ

ಸಪ್ಪಳ ಬೇರೆ, ಶಕ್ತಿ ಬೇರೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಸುಟ್ಟ ಗಾಳಿ ಹೊರಗೆ ಹೋಗುವಾಗ ಒಂದಿಷ್ಟು ಹೊಸ ಮಿಶ್ರಣವೂ ಅದರ ಹಿಂದೆಯೇ ಹೋಗಿಬಿಡುತ್ತದೆ. ಪೈಪಿನ ಆಕಾರದಿಂದ ಒತ್ತಡದ ಅಲೆ ತಿರುಗಿ ಬಂದು ಆ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಕಂಪನಿ ಈ ಲೆಕ್ಕ ಹಾಕಿಯೇ ಪೈಪ್ ಮಾಡಿರುತ್ತದೆ. ಒಳಗಿನದನ್ನು ಕಿತ್ತರೆ ಲೆಕ್ಕ ತಪ್ಪುತ್ತದೆ. ಜಾಲಿ ಕಪ್ಪು ಕಾರ್ಬನ್ನಿನಿಂದ ಕಟ್ಟಿದ್ದರೆ ಅದನ್ನು ಸುಟ್ಟು ತಟ್ಟಿ ಸ್ವಚ್ಛ ಮಾಡಿ ಮತ್ತೆ ಹಾಕಬೇಕು, ಕಿತ್ತೆಸೆಯಬಾರದು.

ಎಕ್ಸ್‌ಪ್ಯಾನ್ಷನ್ ಚೇಂಬರ್ ಶಕ್ತಿ ಕೊಡುತ್ತದೆ, ಸುಳ್ಳಲ್ಲ. ಕೊಡುವುದು ಮಾತ್ರ ಮೇಲಿನ ರೇಸಿನಲ್ಲಿ, ಕೆಳಗೆ ಖಾಲಿ ಖಾಲಿ. ಸೇಡಂನಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹೋಗುವವರಿಗೆ ಅದರಿಂದ ಏನು ಸುಖ? ಹಾಕಲೇಬೇಕು ಅಂದರೆ ಕಾರ್ಬರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ದೊಡ್ಡದು ಬೇಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಸರಿಯೋ ಇಲ್ಲವೋ ನೋಡುವುದು ಹೀಗೆ: ಹೊಸ ಪ್ಲಗ್ ಹಾಕಿ, ಖಾಲಿ ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ರೇಸ್ ಕೊಟ್ಟು, ಒಂದೇ ಸಲ ಕ್ಲಚ್ ಹಿಡಿದು ಚಾಬಿ ಆಫ್ ಮಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ. ಕಾಫಿ ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ಆ ಗಾಡಿ ಮನೆಗೆ ನಿಧಾನ ಹೋಗಬೇಕು, ಜೆಟ್ ಬದಲಾಗುವವರೆಗೆ ಹೊರಗೆ ಬರಬಾರದು. ಕಡಿಮೆ ರೇಸಿನ ತೊಂದರೆಗೆ ಮೇನ್ ಜೆಟ್ ಬದಲಿಸಬೇಡಿ. ಕಾಲು ರೇಸಿನವರೆಗೆ ಪೈಲಟ್ ಜೆಟ್ಟಿನ ರಾಜ್ಯ, ನಡುವೆ ನೀಡಲ್, ಮುಕ್ಕಾಲಿನ ಮೇಲೆ ಮೇನ್ ಜೆಟ್.

ಪಾಡ್ ಫಿಲ್ಟರ್ ಬಗ್ಗೆ ನನ್ನದು ಒಂದೇ ಮಾತು, ತೆಗೆಯಿರಿ. ಸಿಮೆಂಟ್ ಧೂಳು, ಎರೆ ಮಣ್ಣಿನ ಧೂಳು ಎರಡೂ ಇರುವ ಊರು ನಿಮ್ಮದು. ಅಗ್ಗದ ಪಾಡ್ ಒಳಗೆ ಬಿಡುವ ಧೂಳು ಬೋರನ್ನು ಸಾಣೆ ಹಿಡಿಯುತ್ತದೆ. ಹಳೆಯ ಡಬ್ಬಿ ಹಾಕಿ, ಸ್ಪಂಜ್ ತೊಳೆದು ಎಣ್ಣೆ ಹಚ್ಚಿ ಹಿಂಡಿ ಕೂರಿಸಿ.

ಉಮರ್ಗಾದ ಒಬ್ಬರಿಂದ ಎಂಎಚ್ ನಂಬರಿನ ಆರ್‌ಎಕ್ಸ್ 100 ಕೊಳ್ಳಬೇಕೆಂದಿದ್ದೇನೆ. ಗಾಡಿ ಚೆನ್ನಾಗಿದೆ, ಕಾಗದ ಆಮೇಲೆ ಕೊಡುತ್ತೇನೆ ಅನ್ನುತ್ತಾರೆ. ಕೊಳ್ಳಬಹುದೇ?
— ಓದುಗ, ಬಸವಕಲ್ಯಾಣ

ಕಾಗದ ಬಂದ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ. ಆರ್‌ಸಿ ಅಸಲಿ ನೋಡಿ. ಎಂಜಿನ್ ನಂಬರ್, ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ. ಅಂಕಿಗಳು ಓರೆಕೋರೆ ಇದ್ದರೆ, ಸುತ್ತ ಗ್ರೈಂಡ್ ಮಾಡಿದ ಗುರುತಿದ್ದರೆ ಚಹಾ ಕುಡಿದು ವಾಪಸ್ ಬನ್ನಿ. ನೋಂದಣಿ 15 ವರ್ಷಕ್ಕೆ ಮುಗಿದಿರುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. ಆಗದೇ ಇದ್ದರೆ ಆ ತಲೆನೋವು ಮಾರುವವರೇ ಮುಗಿಸಿಕೊಡಲಿ. ಅವರ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಮತ್ತು ವರ್ಗಾವಣೆಯ 29, 30 ಸಹಿ ಮಾಡಿಸಿಕೊಳ್ಳಿ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿಯ ನಂಬರ್ ಪಡೆಯಬೇಕು. ತೆರಿಗೆಯೂ ಬರುತ್ತದೆ, ಅದನ್ನು ಗಾಡಿಯ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ.

ಮಾಡಿಫೈ ಬಗ್ಗೆ ಕೇಳಿದ ಎಲ್ಲರಿಗೂ ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಒಂದೊಂದು ಬದಲಾವಣೆಗೆ 5,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಎಂಜಿನ್ ಬದಲಿಸುವುದಾದರೆ ಮೊದಲೇ ಅನುಮತಿ ಬೇಕು.

ನನ್ನದು 1984ರ ರಾಜದೂತ್ 350. ವಿಂಟೇಜ್ ನಂಬರ್ ಸಿಗುತ್ತದೆಯೇ?
— ಓದುಗ, ಕಲಬುರಗಿ

ಈಗ ಇಲ್ಲ. 2021ರ ನಿಯಮದ ಪ್ರಕಾರ 50 ವರ್ಷ ತುಂಬಿರಬೇಕು, ಮೂಲ ರೂಪದಲ್ಲೇ ಇರಬೇಕು. ನಿಮ್ಮದು 2034ಕ್ಕೆ. ಅಲ್ಲಿಯವರೆಗೆ ಏನನ್ನೂ ಕಡಿಯಬೇಡಿ.

350ಕ್ಕೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಬೇಕು. ಡ್ರಮ್ ಹಿಡಿಯುವುದೇ ಇಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಜಪಾನಿನ ಆರ್‌ಡಿ 350ಗೆ ಮುಂದೆ ಡಿಸ್ಕೇ ಇತ್ತು. ಇಲ್ಲಿಯ ಗಾಡಿಗೆ ಡ್ರಮ್ ಕೊಟ್ಟರು. ಈ ವೇಗಕ್ಕೆ ಡ್ರಮ್ ಸಾಲದು ಅನ್ನುವ ಗೊಣಗಾಟ ಅವತ್ತಿನಿಂದಲೂ ಇದೆ, ನನಗೂ ಅದರ ಬಗ್ಗೆ ದೊಡ್ಡ ಪ್ರೀತಿ ಏನಿಲ್ಲ. ಆದರೂ 'ಹಿಡಿಯುವುದೇ ಇಲ್ಲ' ಅನ್ನುವ ಮಟ್ಟಕ್ಕೆ ಬಂದಿದ್ದರೆ ಅದು ಹೊಂದಾಣಿಕೆಯ ದೋಷ. ಈ ಡ್ರಮ್ಮಿನಲ್ಲಿ ಎರಡೂ ಶೂ ಮುಂದಾಳುಗಳು (ಲೀಡಿಂಗ್ ಶೂ), ಅಂದರೆ ತಿರುಗುವ ಡ್ರಮ್ಮೇ ಎರಡನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಹೊರಗೆ ಎರಡು ಲಿವರುಗಳನ್ನು ಜೋಡಿಸುವ ಒಂದು ಸಣ್ಣ ಸಲಾಕೆ ಇದೆ ನೋಡಿ, ಅದರ ಉದ್ದ ತಪ್ಪಿದರೆ ಒಂದು ಶೂ ಮಾತ್ರ ತಾಗುತ್ತದೆ, ಅರ್ಧ ಬ್ರೇಕು. ಸಲಾಕೆಯ ಲಾಕ್ ನಟ್ ಸಡಿಲ ಮಾಡಿ, ಚಕ್ರ ತಿರುಗಿಸುತ್ತಾ ಎರಡೂ ಶೂ ಒಟ್ಟಿಗೆ ತಾಗುವಂತೆ ಉದ್ದ ಹೊಂದಿಸಿ, ಮತ್ತೆ ಬಿಗಿ ಮಾಡಿ. ಅದಕ್ಕೂ ಮೊದಲು ಡ್ರಮ್ ಒಳಗೆ ಏಣು ಬಿದ್ದಿದ್ದರೆ ಲೇತಿನಲ್ಲಿ ಸಣ್ಣಗೆ ತೆಗೆಸಿ, ಶೂಗೆ ಹೊಸ ಲೈನಿಂಗ್ ಹಚ್ಚಿಸಿ, ಹೊಸ ಕೇಬಲ್ ಹಾಕಿ. ಇಷ್ಟು ಮಾಡಿದ ಮೇಲೂ ಡಿಸ್ಕ್ ಬೇಕು ಅನಿಸಿದರೆ ಕಾನೂನಿನ ಮಾತು ಮೇಲೆ ಹೇಳಿದ್ದೇನೆ. ಬೇರೆ ಗಾಡಿಯ ಫೋರ್ಕನ್ನು ವೆಲ್ಡಿಂಗ್ ಮಾಡಿ ಕೂರಿಸುವವರ ಹತ್ತಿರ ಮಾತ್ರ ಹೋಗಬೇಡಿ.

ಟೈರನ್ನೂ ನೋಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. ಅಚ್ಚು ಚೆನ್ನಾಗಿದ್ದರೂ ನಮ್ಮ ಬಿಸಿಲಿಗೆ ಹಳೆಯ ರಬ್ಬರ್ ಕಲ್ಲಾಗಿರುತ್ತದೆ. ಅಂಥ ಟೈರಿಗೆ ಯಾವ ಬ್ರೇಕೂ ಲೆಕ್ಕಕ್ಕಿಲ್ಲ.

ಈಗಿನ ಎಥನಾಲ್ ಪೆಟ್ರೋಲ್ ಹಳೆಯ ಗಾಡಿಗೆ ಆಗುತ್ತದೆಯೇ?
— ಓದುಗ, ಯಾದಗಿರಿ

ಬೇರೆ ದಾರಿ ಇಲ್ಲ, ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದೇ 20 ಶೇಕಡಾ ಎಥನಾಲ್ ಇರುವುದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರುತ್ತದೆ, ಮಿಶ್ರಣವನ್ನು ಸ್ವಲ್ಪ ತೆಳು ಮಾಡುತ್ತದೆ. ಪೆಟ್ರೋಲ್ ಪೈಪು, ನಲ್ಲಿಯ ವಾಷರ್, ಕಾರ್ಬರೇಟರಿನ ಬಟ್ಟಲಿನ ಗ್ಯಾಸ್ಕೆಟ್ ಮೂರೂ ಹೊಸದು ಹಾಕಿ. ಪ್ಲಗ್ ಬಿಳಿ ಕಂಡರೆ ಮೇನ್ ಜೆಟ್ ಒಂದು ಸೈಜು ಏರಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬರೇಟರ್ ಖಾಲಿ ಮಾಡಿಯೇ ನಿಲ್ಲಿಸಿ. ಅಂದಹಾಗೆ ಟೂ-ಟಿ ಆಯಿಲನ್ನು ಇದರ ಲೆಕ್ಕಕ್ಕೆ ಕಡಿಮೆ ಮಾಡುವುದು ಬೇಡ.

350ರ ಎಡ ಸಿಲಿಂಡರ್ ಆಗಾಗ ಬಿಟ್ಟು ಬಿಟ್ಟು ಹೊಡೆಯುತ್ತದೆ. ಬ್ಯಾಟರಿಯೂ ಪದೇ ಪದೇ ಇಳಿಯುತ್ತದೆ.
— ಓದುಗ, ಆಳಂದ

ಎರಡೂ ಒಂದೇ ರೋಗ ಇರಬಹುದು. ಈ ಗಾಡಿಯ ಕಿಡಿ ಬ್ಯಾಟರಿಯಿಂದ ಬರುತ್ತದೆ. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ, ದುರ್ಬಲ ಇರುವ ಕಡೆ ಮೊದಲು ಬಿಡುತ್ತದೆ. ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿ, ಬಹಳ ಜನ ಅದನ್ನು ಬಿಚ್ಚಿ ನೋಡುವುದೇ ಇಲ್ಲ. ಚಾರ್ಜ್ ಹದದಲ್ಲಿಡುವ ಹಳೆಯ ಮೆಕ್ಯಾನಿಕಲ್ ರೆಗ್ಯುಲೇಟರ್ ಬದಲು ಎಲೆಕ್ಟ್ರಾನಿಕ್ ಹಾಕಿದರೆ ಮಾಡಿಫೈ ಅಂತ ಯಾರೂ ಕೇಳುವುದಿಲ್ಲ, ಲಾಭ ಮಾತ್ರ ದೊಡ್ಡದು. ಚಾರ್ಜಿಂಗ್ ಸರಿ ಇದ್ದೂ ಎಡ ಬದಿ ಬಿಡುತ್ತಿದ್ದರೆ ಕಿಡಿ ಕೊಡುವ ಎರಡೂ ಕಾಯಿಲ್ ಅದಲು ಬದಲು ಮಾಡಿ. ತೊಂದರೆ ಬಲಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಆ ಬದಿಯ ಪಾಯಿಂಟು (ಕಿಡಿಯ ಸಮಯಕ್ಕೆ ತೆರೆದು ಮುಚ್ಚುವ ಸಣ್ಣ ಸ್ವಿಚ್ಚು) ಮತ್ತು ಕಂಡೆನ್ಸರ್ ನೋಡಿ. ಪಾಯಿಂಟ್ ಗ್ಯಾಪ್ 0.3ರಿಂದ 0.4 ಮಿಲಿಮೀಟರ್, ಕಿಡಿಯ ಟೈಮಿಂಗ್ ಪಿಸ್ಟನ್ ತುದಿ ಮುಟ್ಟುವ 2 ಮಿಲಿಮೀಟರ್ ಮುಂಚೆ. ಎರಡು ಸಿಲಿಂಡರಿಗೂ ಬೇರೆ ಬೇರೆಯಾಗಿ ಇಡಬೇಕು. ಕಣ್ಣಂದಾಜು ಬೇಡ, ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಳಿಸಿ. ಪ್ಲಗ್ ಬಿ8ಎಚ್‌ಎಸ್.

ಪೌಡರ್ ಕೋಟಿಂಗ್ ಒಳ್ಳೆಯದೋ ಪೇಂಟೋ?
— ಓದುಗಿ, ಹುಮನಾಬಾದ್

ಫ್ರೇಮಿಗೆ ಪೌಡರ್ ಗಟ್ಟಿ. ಆದರೆ ಅದನ್ನು 180 ಡಿಗ್ರಿಯ ಮೇಲೆ ಬೇಯಿಸುತ್ತಾರೆ ಅಕ್ಕಾ, ಬೇರಿಂಗು, ಬುಷ್ಷು, ರಬ್ಬರು ಎಲ್ಲ ತೆಗೆದೇ ಕೊಡಿ. ಕೊಡುವ ಮೊದಲು ವೆಲ್ಡಿಂಗ್ ಜಾಗಗಳಲ್ಲಿ ಬಿರುಕು ಹುಡುಕಿ, ದಪ್ಪ ಕೋಟಿಂಗ್ ಕೆಳಗೆ ಆಮೇಲೆ ಕಾಣುವುದಿಲ್ಲ. ಚಾಸಿಸ್ ನಂಬರಿನ ಮೇಲೆ ಟೇಪ್ ಅಂಟಿಸಲು ಹೇಳಿ. ಅದು ಮುಚ್ಚಿಹೋದರೆ ಮುಂದಿನ ತಪಾಸಣೆಯಲ್ಲಿ ನೀವು ಸ್ಕ್ರೇಪರ್ ಹಿಡಿದು ಆರ್‌ಟಿಒ ಆಫೀಸಿನ ಮುಂದೆ ಕೂರಬೇಕಾಗುತ್ತದೆ. ಟ್ಯಾಂಕಿಗೆ ಪೇಂಟೇ ಚೆಂದ.

ಎಂಜಿನ್ ಪೂರ್ತಿ ಕಟ್ಟಿಯಾಯಿತು. ನಾಳೆ ಮೊದಲ ಸ್ಟಾರ್ಟ್. ಈ ಮೇ ತಿಂಗಳ ಬಿಸಿಲಿನಲ್ಲಿ ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ ಪಳಗಿಸುವ ಓಟ, ಮಾಡಬಹುದೇ?
— ಓದುಗ, ಚಿತ್ತಾಪುರ

ಮಾಡಬಹುದು, ಮಧ್ಯಾಹ್ನ ಬಿಟ್ಟು. ಬೆಳಿಗ್ಗೆ ಎಂಟರ ಒಳಗೆ ಮುಗಿಸಿ.

ಸ್ಟಾರ್ಟಿಗೆ ಮೊದಲು ಆಯಿಲ್ ಪಂಪಿನ ಗಾಳಿ ತೆಗೆಯಿರಿ. ಪಂಪ್ ಬಿಚ್ಚಿ ಕಟ್ಟಿದಾಗ ಪೈಪಿನಲ್ಲಿ ಗಾಳಿ ನಿಂತಿರುತ್ತದೆ, ಗುಳ್ಳೆ ಹೋಗಿ ಎಣ್ಣೆ ಎಂಜಿನ್ ತಲುಪುವ ಹೊತ್ತಿಗೆ ಪಿಸ್ಟನ್ ಗೀರಿ ಆಗಿರುತ್ತದೆ. ಅದಕ್ಕೇ ಮೊದಲ ಟ್ಯಾಂಕಿಗೆ ಪಂಪ್ ಇದ್ದರೂ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ, ಲೀಟರಿಗೆ 25 ಎಂಎಲ್. ಹೊಗೆ ಜಾಸ್ತಿ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಸ್ಟಾರ್ಟ್ ಆದ ಮೇಲೆ ನಿಂತಲ್ಲೇ ರೇಸ್ ಕೊಡುತ್ತಾ ಕೂರಬೇಡಿ. ಗಾಳಿಯಿಂದ ತಣ್ಣಗಾಗುವ ಎಂಜಿನ್, ಓಡಿದರೆ ಮಾತ್ರ ಅದಕ್ಕೆ ಗಾಳಿ. ಎರಡು ಮೂರು ನಿಮಿಷ ಬಿಸಿ ಆದ ಮೇಲೆ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ತಣ್ಣಗಿದ್ದಾಗ ಹೆಡ್ ನಟ್ಟುಗಳ ಬಿಗಿ ಮತ್ತೆ ನೋಡಿ.

ಮೊದಲ 500 ಕಿಲೋಮೀಟರ್ ಅರ್ಧ ರೇಸ್ ದಾಟಬೇಡಿ. ಹಾಗಂತ ದೊಡ್ಡ ಗೇರಿನಲ್ಲಿ ನಿಧಾನ ಎಳೆಸುವುದೂ ಬೇಡ, ಅದು ಇನ್ನೂ ಕೆಟ್ಟದು. ಒಂದೇ ವೇಗದಲ್ಲಿ ಹೋಗದೆ ಏರಿಸುತ್ತಾ ಇಳಿಸುತ್ತಾ ಓಡಿಸಿ. ಮತ್ತೆ ಡಿಸೆಂಬರಿನಲ್ಲಿ ಒಂದು ಸಲ ಪ್ಲಗ್ ತೆಗೆದು ಬಣ್ಣ ನೋಡಿ. ಬಿಸಿಲಿನಲ್ಲಿ ಗಾಳಿ ತೆಳುವಾಗಿರುತ್ತದೆ, ಚಳಿಯಲ್ಲಿ ದಪ್ಪ. ಮೇ ತಿಂಗಳಲ್ಲಿ ಸರಿ ಹೊಂದಿಸಿದ ಜೆಟ್ ಚಳಿಗಾಲದ ಬೆಳಿಗ್ಗೆ ಕಡಿಮೆ ಬೀಳುತ್ತದೆ, ಎಂಜಿನ್ ಆಗಲೂ ಜಾಮ್ ಆಗಬಹುದು. ಆದರೆ ಜಾಮ್ ಆಗುವುದು ಬಿಸಿಲಿನಲ್ಲೇ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಒಂದು ಸೈಜು ದೊಡ್ಡ ಮೇನ್ ಜೆಟ್ ಈಗಲೇ ತಂದು ಟೂಲ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ.